ಮೂವತ್ತೇಳನೇ ಸೀಸೆ

ಕೆಲಸವಿಲ್ಲದೆ ಕೂತವನನ್ನು ಜನ ‘ನೊಣ ಹೊಡೀತಾ ಕೂತಿದ್ದಾನೆ’ ಅನ್ನುತ್ತಾರೆ. ನೊಣ ಸಾಕುತ್ತಾ ಕೂತವಳನ್ನು ಏನನ್ನಬೇಕೋ ಯಾರಿಗೂ ಗೊತ್ತಿಲ್ಲ. ನಮ್ಮ ನೊಣದಕ್ಕ ಮೂವತ್ನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದಾಳೆ, ಅದೂ ಸಂಬಳ ತೆಗೆದುಕೊಂಡು.

ಕಾಲೇಜಿನ ಜೀವಶಾಸ್ತ್ರ ವಿಭಾಗದ ಎರಡನೇ ಮಹಡಿಯ ಕೊಟ್ಟಕೊನೆಗೆ ಅವಳ ಕೋಣೆ. ಒಂದರ ಹಿಂದೆ ಒಂದು ಎರಡು ಬಾಗಿಲು; ಮೊದಲನೆಯದನ್ನು ಮುಚ್ಚದೆ ಎರಡನೆಯದನ್ನು ತೆಗೆದವರು ಅವಳ ಬಾಯಿಂದ ಪಾರಾಗಿ ಬಂದದ್ದಿಲ್ಲ, ಪ್ರಿನ್ಸಿಪಾಲರೂ ಸೇರಿ. ಒಳಗೆ ವರ್ಷವಿಡೀ ಒಂದೇ ಹದದ ಬಿಸುಪು. ಗೋಡೆಯುದ್ದಕ್ಕೂ ಕಬ್ಬಿಣದ ರ‍್ಯಾಕು, ಅದರ ತುಂಬ ಹತ್ತಿಯ ಬಿರಡೆ ಹಾಕಿದ ಗಾಜಿನ ಸೀಸೆಗಳು, ಸೀಸೆಯೊಳಗೆ ಎಳ್ಳುಕಾಳಿನಷ್ಟೇ ಇರುವ ನೊಣಗಳು. ಬಾಳೆಹಣ್ಣು ತೀರಾ ಕಳಿತರೆ ಎಲ್ಲಿಂದಲೋ ಬಂದು ಮುತ್ತುತ್ತವಲ್ಲ, ಅವೇ. ಜೋಳದ ಹಿಟ್ಟು, ಸಕ್ಕರೆ, ಯೀಸ್ಟು ಸೇರಿಸಿ ಗಂಜಿ ಕಾಯಿಸುವುದು, ಸೀಸೆಯ ತಳಕ್ಕೆ ಹುಯ್ಯುವುದು, ನೊಣಗಳನ್ನು ಹಳೇ ಸೀಸೆಯಿಂದ ಹೊಸದಕ್ಕೆ ದಾಟಿಸುವುದು, ಹಳೆಯದನ್ನು ಕುದಿಸಿ ತೊಳೆಯುವುದು. ಯೀಸ್ಟಿನ ವಾಸನೆ ಅವಳ ಕೂದಲಿಗೆ ಎಷ್ಟು ಅಂಟಿದೆಯೆಂದರೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಮೂಗರಳಿಸಿ ಕಿಟಕಿಯಾಚೆ ಬೇಕರಿ ಹುಡುಕುತ್ತಾರೆ.

ಇಪ್ಪತ್ನಾಲ್ಕನೇ ವಯಸ್ಸಿಗೆ ಸೀಸೆ ತೊಳೆಯಲು ಸೇರಿದವಳು. ಈಗ ಬರಿಗಣ್ಣಲ್ಲಿ ಹೆಣ್ಣು ನೊಣ ಯಾವುದು, ಗಂಡು ಯಾವುದು, ಕಣ್ಣು ಕೆಂಪೋ ಬಿಳಿಯೋ ಹೇಳಿಬಿಡುತ್ತಾಳೆ. ಅದೇ ನೋಟಕ್ಕೆ ಹತ್ತು ಹುಡುಗರು ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಕೊಂಡು ಕೂತಿರುತ್ತಾರೆ. ‘ಹಿಂದುಗಡೆ ಕಪ್ಪಗಿದ್ರೆ ಗಂಡು. ಮದುವೆ ಮಾಡ್ಸೋವಾಗ ಇಷ್ಟು ಸುಲಭವಾಗಿ ಗೊತ್ತಾಗೋ ಹಾಗಿದ್ರೆ ಎಷ್ಟು ಚೆನ್ನಾಗಿತ್ತು,’ ಅನ್ನುತ್ತಾಳೆ. ಯಾರ ಮದುವೆ, ಏನು ಗೊತ್ತಾಗಬೇಕಿತ್ತು ಅಂತ ಕೇಳಿದರೆ ಗಂಜಿ ತಿರುವತೊಡಗುತ್ತಾಳೆ.

ಅವಳಿಗೆ ಕೋಣೆಯಲ್ಲಿ ಎಷ್ಟು ನೆಮ್ಮದಿಯೋ ಮನೆಯಲ್ಲಿ ಅಷ್ಟೇ ಒಂದು ಕಿರಿಕಿರಿ. ಅದರ ಹೆಸರು ಗುಳಿ.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿರುವ ಮನುಷ್ಯ. ಹಾಗಾಗಿ ಅವನಿಂದ ಜಗಳ ಇಲ್ಲ. ಅವನ ಗದ್ದದ ನಡುವೆ ಒಂದು ಗುಳಿ. ಒಂದು ಕಡಲೆಕಾಳು ಆರಾಮಾಗಿ ಕೂರುವಂಥ ಗುಳಿ. ಕ್ಷೌರದ ಬ್ಲೇಡು ಅಲ್ಲಿಗೆ ಇಳಿಯುವುದಿಲ್ಲ, ಹಾಗಾಗಿ ಅಲ್ಲಿ ಯಾವಾಗಲೂ ಮೂರು ಕೂದಲು. ಗೋಡೆಯ ಮೇಲೆ ಅವನ ಅಪ್ಪನ ಫೋಟೋ, ಅಜ್ಜನ ಫೋಟೋ, ಮುತ್ತಜ್ಜನ ಫೋಟೋ. ಮೂವರಿಗೂ ಅದೇ ಗುಳಿ. ಮುತ್ತಜ್ಜನದು ಫೋಟೋದವನು ಪೆನ್ಸಿಲಲ್ಲಿ ತಿದ್ದಿದ್ದು ಅಂತ ನೊಣದಕ್ಕನಿಗೆ ಅನುಮಾನ. ಅದನ್ನು ಹೇಳುವ ಧೈರ್ಯ ಯಾರಿಗಿದೆ? ಫೋಟೋದ ಕೆಳಗೇ ಅತ್ತೆಯ ಕುರ್ಚಿ.

ಅತ್ತೆಗೆ ಎಂಬತ್ತಾರು. ಕಿವಿ ಬೇಕಾದಾಗ ಮಂದ, ಬೇಕಾದಾಗ ಚುರುಕು. ಗುಳಿ ‘ನಮ್ಮನೆ ಮುದ್ರೆ’ ಅಂತ ಆಕೆಯ ಮಾತು. ದರ್ಜಿಗೆ ಮೂರು ಮಕ್ಕಳು ಹುಟ್ಟಿದವು, ಮೂರರ ಗದ್ದವೂ ತಟ್ಟೆಯ ಹಾಗೆ ಸಮ. ದರ್ಜಿಯ ಅಕ್ಕನಿಗೂ ಇರಲಿಲ್ಲ, ಅದಕ್ಕೆ ಅತ್ತೆ ‘ಹೆಣ್ಣು ಮಗು, ಅವಳಿಗ್ಯಾಕೆ’ ಅಂತ ಸಮಾಧಾನ ಹುಡುಕಿಟ್ಟಿದ್ದರು. ಮಾವನ ಒಬ್ಬನೇ ತಮ್ಮ ಮದುವೆಯೇ ಆಗದೆ ಗುಳಿಯನ್ನೂ ಜೊತೆಗೇ ಕರೆದುಕೊಂಡು ಹೋದ. ಅಲ್ಲಿಗೆ ಉಳಿದದ್ದು ದರ್ಜಿಯ ಗದ್ದ ಒಂದೇ. ಮಗು ಹುಟ್ಟಿದ ಕೂಡಲೆ ಎಲ್ಲರೂ ಗಂಡೋ ಹೆಣ್ಣೋ ನೋಡಿದರೆ ಅತ್ತೆ ಹೆಬ್ಬೆರಳಿನಿಂದ ಗದ್ದ ಒತ್ತಿ ನೋಡುತ್ತಿದ್ದರು. ಆಮೇಲೆ ಸೊಸೆಯ ಕಡೆ ತಿರುಗಿ, ‘ಇದೂ ಸಮ. ಎಲ್ಲಾ ನಿನ್ನ ಕಡೆಯದೇ. ನಾವು ಕೊಟ್ಟಿದ್ದನ್ನ ನೀನು ಅಳಿಸಿಬಿಟ್ಟೆ,’ ಅನ್ನುತ್ತಿದ್ದರು.

ಮಕ್ಕಳಾದವು, ಮೊಮ್ಮಕ್ಕಳಾದವು, ಮಾತು ಮಾತ್ರ ಬದಲಾಗಲಿಲ್ಲ. ನೊಣದಕ್ಕ ಬಾಯಿ ಇಲ್ಲದವಳೇನಲ್ಲ. ಆದರೆ ಈ ಒಂದು ಮಾತಿಗೆ ಅವಳಲ್ಲಿ ಉತ್ತರವಿರಲಿಲ್ಲ. ಯಾಕೆಂದರೆ ಒಳಗೊಳಗೇ ಅವಳೂ ಅದನ್ನು ನಂಬಿಬಿಟ್ಟಿದ್ದಳು. ಏನೋ ತನ್ನಿಂದಲೇ ಆಗಿರಬೇಕು ಅಂತ.

ಹೀಗಿರುವಾಗ ಕೋಣೆಗೆ ಮರಿ ಮೇಡಂ ಬಂದಳು. ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆಯಬೇಕು ಅಂತ ಬಂದವಳು. ಸಣ್ಣ ಆಳು, ದೊಡ್ಡ ಕನ್ನಡಕ. ಹೆಸರು ತಾನಾಗಿಯೇ ಬಂತು. ಮೊದಲ ದಿನ ಎರಡೂ ಬಾಗಿಲು ಒಟ್ಟಿಗೆ ತೆಗೆದು ಬೈಸಿಕೊಂಡಳು, ಮೂರನೇ ದಿನ ನೊಣದಕ್ಕನ ಊಟದ ಡಬ್ಬಿಯಲ್ಲಿ ಕೈ ಹಾಕಿದಳು. ಅಷ್ಟರಮಟ್ಟಿಗೆ ಸಲಿಗೆ.

ಅವಳ ಪ್ರಯೋಗ ಕೇಳಿದರೆ ಮಕ್ಕಳಾಟ. ನೂರು ಸೀಸೆ. ಒಂದೊಂದರಲ್ಲೂ ಎಂಟು ಗಂಡು, ಎಂಟು ಹೆಣ್ಣು, ಹದಿನಾರಕ್ಕೂ ಕಿತ್ತಳೆ ಬಣ್ಣದ ಕಣ್ಣು. ‘ಅಕ್ಕ, ಒಂದೊಂದು ನೊಣದ ಹತ್ರಾನೂ ಕಣ್ಣಿನ ಬಣ್ಣಕ್ಕೆ ಎರಡು ಚೀಟಿ ಇರುತ್ತೆ ಅಂದ್ಕೊಳ್ಳಿ,’ ಅಂತ ಮರಿ ಮೇಡಂ ವಿವರಿಸಿದ್ದಳು. ‘ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಎರಡೂ ಕೆಂಪು ಚೀಟಿ ಆದ್ರೆ ಕೆಂಪು ಕಣ್ಣು. ಎರಡೂ ಬಿಳಿ ಆದ್ರೆ ಬಿಳಿ. ಒಂದೊಂದಾದ್ರೆ ಕಿತ್ತಳೆ. ಮರಿ ಹಾಕೋವಾಗ ಎರಡರಲ್ಲಿ ಯಾವುದೋ ಒಂದನ್ನ ಕೊಡುತ್ತೆ. ಯಾವುದನ್ನ ಅಂತ ಅದಕ್ಕೂ ಗೊತ್ತಿಲ್ಲ.’

ಎರಡು ವಾರಕ್ಕೊಮ್ಮೆ ಹೊಸ ತಲೆಮಾರು. ಸೀಸೆಯಲ್ಲಿ ಅರವತ್ತೋ ಎಪ್ಪತ್ತೋ ನೊಣ ಹುಟ್ಟಿರುತ್ತವೆ, ಅವುಗಳಲ್ಲಿ ಹದಿನಾರನ್ನು ಮಾತ್ರ ಹೊಸ ಸೀಸೆಗೆ ದಾಟಿಸಬೇಕು. ಕಣ್ಣಿನ ಬಣ್ಣ ನೋಡಬಾರದು, ಗಟ್ಟಿಮುಟ್ಟು ನೋಡಬಾರದು, ಯಾವುದನ್ನೂ ಆರಿಸಬಾರದು. ಹೀಗೆ ಹತ್ತೊಂಬತ್ತು ತಲೆಮಾರು.

‘ಆರಿಸದೆ ತೆಗೆಯೋದು ಹೇಗೆ ಮೇಡಂ? ಕೈಗೂ ಕಣ್ಣಿರುತ್ತೆ,’ ಅಂದಳು ನೊಣದಕ್ಕ. ಮಾರನೇ ದಿನ ಗಂಡನ ಗುಂಡಿ ಡಬ್ಬ ಹೊತ್ತು ತಂದಳು. ಅಂಗಿಯ ಗುಂಡಿಗಳ ಮೇಲೆ ಸೂಜಿಯಿಂದ ನಂಬರು ಕೊರೆದಿದ್ದಳು. ಈಥರ್ ವಾಸನೆಗೆ ನೊಣಗಳು ಮಲಗಿದ ಮೇಲೆ ಬಿಳಿ ಹೆಂಚಿನ ಮೇಲೆ ಸುರಿದು, ಹಕ್ಕಿಗರಿಯಿಂದ ಗಂಡುಗಳದೊಂದು ಸಾಲು, ಹೆಣ್ಣುಗಳದೊಂದು ಸಾಲು ಮಾಡುವುದು. ಕಣ್ಣು ಮುಚ್ಚಿ ಡಬ್ಬದಿಂದ ಗುಂಡಿ ತೆಗೆಯುವುದು. ಹನ್ನೊಂದು ಬಂದರೆ ಹನ್ನೊಂದನೇ ನೊಣ. ಇದು ಯಾವ ಪುಸ್ತಕದಲ್ಲೂ ಇರದ ಪದ್ಧತಿ. ಮರಿ ಮೇಡಂ ಕುಣಿದಾಡಿಬಿಟ್ಟಳು.

ಮೂಲೆಯಲ್ಲಿ ಒಂದು ದೊಡ್ಡ ಜಾಲರಿ ಪೆಟ್ಟಿಗೆಯೂ ಇತ್ತು. ಅದರಲ್ಲಿ ಅದೇ ಜಾತಿಯ ನೊಣ, ಸಾವಿರಾರು. ಅವನ್ನು ಯಾರೂ ಮುಟ್ಟುವ ಹಾಗಿಲ್ಲ.

ನಾಲ್ಕು ತಲೆಮಾರು ಕಳೆಯುವುದರಲ್ಲಿ ಸೀಸೆಗಳು ಒಂದೊಂದು ದಾರಿ ಹಿಡಿದವು. ಒಂದರಲ್ಲಿ ಬಿಳಿ ಹೆಚ್ಚಿತು, ಪಕ್ಕದ್ದರಲ್ಲಿ ಕೆಂಪು ಹೆಚ್ಚಿತು. ಆರನೇ ತಲೆಮಾರಿಗೆ ಕೆಲವು ಸೀಸೆಗಳಲ್ಲಿ ಒಂದು ಬಣ್ಣ ಪೂರ್ತಿ ಮಾಯ. ಮಾಯವಾದದ್ದು ಮತ್ತೆ ಬರಲಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಮಾತ್ರ ಎರಡೂ ಚೀಟಿ ಮೊದಲಿನ ಹಾಗೇ ಅರ್ಧಕ್ಕರ್ಧ.

‘ಇಲ್ಲಿ ಬಿಳಿ ಯಾಕೆ ಗೆದ್ದಿತು ಮೇಡಂ? ಅದರಲ್ಲೇನು ವಿಶೇಷ?’

‘ಏನೂ ಇಲ್ಲ ಅಕ್ಕ. ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಸೀಸೆ ಚಿಕ್ಕದು, ಅಷ್ಟೇ. ಸ್ವಲ್ಪ ಜನ ಇರೋ ಕಡೆ ಯಾವುದೋ ಒಂದು ಚೀಟಿ ಸುಮ್ನೆ ಕೈತಪ್ಪಿ ಹೋಗುತ್ತೆ. ತಪ್ಪು ಯಾರದ್ದೂ ಅಲ್ಲ.’

ನೊಣದಕ್ಕ ತೊಳೆಯುತ್ತಿದ್ದ ಸೀಸೆಯನ್ನು ಕೆಳಗಿಟ್ಟಳು. ‘ಇನ್ನೊಂದು ಸಲ ಹೇಳಿ.’

‘ಸೀಸೆ ಚಿಕ್ಕದು.’

‘ಅದಲ್ಲ, ಕೊನೇದು.’

ಮೂರು ಮಕ್ಕಳು, ಮೂರು ಸಲ ಚೀಟಿ. ಮೂರು ಸಲವೂ ಗಂಡನ ಹತ್ತಿರವಿದ್ದ ಎರಡರಲ್ಲಿ ಗುಳಿಯಿಲ್ಲದ ಇನ್ನೊಂದು ಚೀಟಿ ಬಂತು. ಇಷ್ಟೇ! ಇಷ್ಟಕ್ಕೆ ಮೂವತ್ತು ವರ್ಷ! ಅವತ್ತು ಬಸ್ಸಿನಲ್ಲಿ ಅವಳು ತನ್ನಷ್ಟಕ್ಕೆ ತಾನೇ ನಕ್ಕು, ಆಮೇಲೆ ಕಣ್ಣೊರೆಸಿಕೊಂಡು, ಪಕ್ಕದವಳಿಗೆ ‘ಈರುಳ್ಳಿ’ ಅಂದಳು. ಬಸ್ಸಿನಲ್ಲಿ ಈರುಳ್ಳಿ ಎಲ್ಲಿಂದ ಬಂತೋ, ಪಾಪ, ಆ ಹೆಂಗಸು ಕೇಳಲಿಲ್ಲ.

ಅತ್ತೆಗೆ ಹೇಳಲಿಲ್ಲ. ಮೂವತ್ತು ವರ್ಷ ಬೈಸಿಕೊಂಡು ಅಭ್ಯಾಸವಾದವಳಿಗೆ ಒಂದೇ ಸಂಜೆಗೆ ಬಾಯಿ ಬರುವುದಿಲ್ಲ. ಆದರೆ ಮೂವತ್ತೇಳನೇ ಸೀಸೆಯ ಮೇಲೆ ಅವಳಿಗೆ ಕಣ್ಣು ಬಿತ್ತು. ಅವರ ಮನೆ ನಂಬರೂ ಮೂವತ್ತೇಳು. ‘ನಮ್ಮನೆ ಸೀಸೆ’ ಅಂತ ಮನಸ್ಸಿನಲ್ಲೇ ಹೆಸರಿಟ್ಟಿದ್ದಳು. ಅದರಲ್ಲಿ ಬಿಳಿ ತಲೆಮಾರಿನಿಂದ ತಲೆಮಾರಿಗೆ ಕರಗುತ್ತಾ ಬಂದಿತ್ತು. ಏನು ಕರಗುತ್ತಿದೆ ಅಂತ ಅವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಎಂಟನೇ ತಲೆಮಾರು ದಾಟಿಸುವ ಹಿಂದಿನ ದಿನ ಅವಳ ಮಗನಿಗೆ ಮಗಳು ಹುಟ್ಟಿದಳು. ಆಸ್ಪತ್ರೆಯ ಮಂಚದ ಪಕ್ಕ ಅತ್ತೆಯನ್ನು ಕುರ್ಚಿಸಮೇತ ತಂದು ಕೂರಿಸಿದರು. ಹೆಬ್ಬೆರಳು ಗದ್ದಕ್ಕೆ ಹೋಯಿತು. ‘ಇದೂ ಸಮ,’ ಅಂದರು ಅತ್ತೆ. ಬೀಗರು, ನರ್ಸು, ಬಾಣಂತಿ ಎಲ್ಲರ ಎದುರಿಗೆ, ‘ಎಲ್ಲಾ ನಿನ್ನ ಕಡೆಯದೇ.’

ಮಾರನೇ ದಿನ ಹೆಂಚಿನ ಮೇಲೆ ಮೂವತ್ತೇಳನೇ ಸೀಸೆಯ ನೊಣಗಳು ಸಾಲಾಗಿ ಮಲಗಿದ್ದವು. ಅಷ್ಟೂ ಕೆಂಪು ಕಣ್ಣು. ಹೆಣ್ಣುಗಳ ಸಾಲಿನಲ್ಲಿ ಇಪ್ಪತ್ತೆರಡನೆಯದು ಒಂದೇ ಒಂದು ಕಿತ್ತಳೆ. ಇಡೀ ಸೀಸೆಯಲ್ಲಿ ಬಿಳಿ ಚೀಟಿ ಉಳಿದಿದ್ದದ್ದು ಅದರ ಹತ್ತಿರ ಮಾತ್ರ. ನೊಣದಕ್ಕ ಕಣ್ಣು ಮುಚ್ಚಿ ಎಂಟು ಗುಂಡಿ ತೆಗೆದಳು. ಕಣ್ಣು ಬಿಟ್ಟಳು. ಇಪ್ಪತ್ತೆರಡು ಬಂದಿರಲಿಲ್ಲ, ಇಪ್ಪತ್ತಮೂರು ಬಂದಿತ್ತು.

ಮರಿ ಮೇಡಂ ಕೈ ತೊಳೆಯಲು ಹೋಗಿದ್ದಳು. ನೊಣದಕ್ಕ ಗರಿಯ ತುದಿಯಿಂದ ಇಪ್ಪತ್ತಮೂರನ್ನು ಆಚೆ ಸರಿಸಿ ಇಪ್ಪತ್ತೆರಡನ್ನು ಹೊಸ ಸೀಸೆಗೆ ನೂಕಿದಳು. ‘ಹೋಗೇ, ಬದುಕ್ಕೋ ಹೋಗು,’ ಅಂದಳು ಮೆಲ್ಲಗೆ. ಮೂವತ್ನಾಲ್ಕು ವರ್ಷದಲ್ಲಿ ಅವಳು ಮಾಡಿದ ಮೊದಲನೇ ಕಳ್ಳತನ ಅದು.

ಹತ್ತೊಂಬತ್ತು ತಲೆಮಾರು ಮುಗಿಯಿತು. ನೂರರಲ್ಲಿ ಇಪ್ಪತ್ತೊಂಬತ್ತು ಸೀಸೆ ಪೂರ್ತಿ ಬಿಳಿ, ಇಪ್ಪತ್ತೇಳು ಪೂರ್ತಿ ಕೆಂಪು, ಉಳಿದವು ಇನ್ನೂ ಕಲಬೆರಕೆ. ಸಿದ್ಧತೆಯೂ ಸೇರಿ ಮರಿ ಮೇಡಂನ ಎರಡು ವರ್ಷ ಆ ರ‍್ಯಾಕಿನ ಮೇಲೆ ನಿಂತಿತ್ತು. ಪರೀಕ್ಷೆ ಮಾಡಲು ಹೊರಗಿನಿಂದ ಒಬ್ಬರು ಪ್ರೊಫೆಸರು ಬಂದರು. ಅವರು ಒಪ್ಪಿದರೆ ಡಾಕ್ಟರೇಟ್, ಒಪ್ಪದಿದ್ದರೆ ಮತ್ತೆ ಮೊದಲಿನಿಂದ. ಮತ್ತೆ ಮೊದಲಿನಿಂದ ಮಾಡುವ ತ್ರಾಣ ಅವಳಲ್ಲಿರಲಿಲ್ಲ, ಬಿಟ್ಟು ಮನೆಗೆ ಹೋಗುತ್ತೇನೆ ಅಂತ ಆಗಲೇ ಎರಡು ಸಲ ಹೇಳಿದ್ದಳು.

ಪ್ರೊಫೆಸರಿಗೆ ನೊಣದಕ್ಕ ನೋಡಿದ ಐದು ನಿಮಿಷಕ್ಕೇ ಕಾರಣರಾಯರು ಅಂತ ಹೆಸರಿಟ್ಟಳು. ಬಾಗಿಲು ಎರಡು ಯಾಕೆ? ಬಿರಡೆಗೆ ಹತ್ತಿಯೇ ಯಾಕೆ? ರ‍್ಯಾಕಿಗೆ ಹಸಿರು ಬಣ್ಣ ಯಾಕೆ? ‘ಇದ್ದಿದ್ದು ಅದೇ ಬಣ್ಣ ಸಾರ್,’ ಅಂದರೆ ಸಮಾಧಾನವಿಲ್ಲ. ನವಿಲಿಗೆ ಗರಿ, ಚೇಳಿಗೆ ಕೊಂಡಿ, ಪ್ರತಿಯೊಂದಕ್ಕೂ ಒಂದು ಉಪಯೋಗ ಇದ್ದೇ ಇರಬೇಕು ಅಂತ ಇಡೀ ಆಯುಷ್ಯ ಪಾಠ ಹೇಳಿದ ಮನುಷ್ಯ. ಉಪಯೋಗವಿಲ್ಲದ್ದು ಕಂಡರೆ ಅವರಿಗೆ ಮೈ ಪರಚಿಕೊಳ್ಳುವಷ್ಟು ಸಂಕಟ.

ಲೆಕ್ಕದ ಪುಸ್ತಕ ತಿರುವಿ ಅವರು ಕನ್ನಡಕ ತೆಗೆದರು. ‘ದೊಡ್ಡ ಪೆಟ್ಟಿಗೆಯಲ್ಲಿ ಎರಡೂ ಬಣ್ಣ ಸಮಸಮ. ಅಂದ್ರೆ ಬಿಳಿ ಕಣ್ಣಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಪ್ಪಿದೆ. ಹಾಗಾದ್ರೆ ಸೀಸೆಗಳಲ್ಲಿ ಯಾಕೆ ಬದಲಾಯ್ತು? ಪೆಟ್ಟಿಗೆಗೂ ಸೀಸೆಗೂ ಒಂದೇ ವ್ಯತ್ಯಾಸ. ಸೀಸೆಗೆ ಯಾರೋ ಕೈ ಹಾಕಿದ್ದಾರೆ. ನೊಣ ಹಿಡಿದು ಹಾಕಿದ್ದು ಯಾರು?’

‘ಅಕ್ಕ,’ ಅಂದಳು ಮರಿ ಮೇಡಂ.

ಕಾರಣರಾಯರು ನೊಣದಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ‘ಈಕೆಗೆ ಇಲ್ಲಿ ಬಿಳಿ ಇಷ್ಟವಾಗಿದೆ, ಅಲ್ಲಿ ಕೆಂಪು ಇಷ್ಟವಾಗಿದೆ.’

ನೊಣದಕ್ಕನಿಗೆ ಉರಿದುಹೋಯಿತು. ‘ಐವತ್ತಾರು ಸೀಸೆಗೂ ಒಂದೊಂದಾಗಿ ಪಕ್ಷಪಾತ ಮಾಡ್ತಾ ಕೂರೋಕೆ ನಂಗೇನು ಬೇರೆ ಕೆಲಸ ಇಲ್ವಾ ಸಾರ್? ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯ್ತು. ಅದಕ್ಕೆ ಕಾಗೇನ ಠಾಣೆಗೆ ಎಳ್ಕೊಂಡು ಹೋಗ್ತೀರಾ? ಬನ್ನಿ, ಕೂತ್ಕೊಳ್ಳಿ. ನೀವೇ ತೆಗೀರಿ.’

ಅವಳು ಡಬ್ಬ ಬರಿದು ಮಾಡಿ ಎಂಟು ಗುಂಡಿ ಹಾಕಿದಳು. ನಾಲ್ಕು ಕೆಂಪು, ನಾಲ್ಕು ಬಿಳಿ, ಎಲ್ಲ ಒಂದೇ ಅಳತೆಯವು. ‘ಕಣ್ಣು ಮುಚ್ಚಿ ಒಂದು ತೆಗೀರಿ, ಬಣ್ಣ ಹೇಳಿ, ವಾಪಸ್ ಹಾಕಿ. ಹೀಗೆ ಎಂಟು ಸಲ. ಆಮೇಲೆ ನಿಮಗೆ ಎಷ್ಟು ಕೆಂಪು ಎಷ್ಟು ಬಿಳಿ ಬಂತೋ ಡಬ್ಬದಲ್ಲೂ ಅಷ್ಟೇ ಇಡ್ತೀನಿ. ಮತ್ತೆ ಎಂಟು ಸಲ.’

ಪ್ರೊಫೆಸರು ಮಕ್ಕಳಾಟ ಅಂತ ಗೊಣಗಿದರು, ಆದರೂ ಕೂತರು. ಮೊದಲ ಸುತ್ತಿಗೆ ಐದು ಬಿಳಿ, ಮೂರು ಕೆಂಪು. ಎರಡನೆಯದಕ್ಕೆ ಆರು ಬಿಳಿ. ‘ಹ್ಞಾ, ಬಿಳಿ ನುಣುಪಾಗಿದೆ, ಕೈಗೆ ಬೇಗ ಸಿಗುತ್ತೆ,’ ಅಂದರು. ಮೂರನೆಯದಕ್ಕೆ ಸಮಸಮ. ಐದನೆಯದಕ್ಕೆ ಕೆಂಪು ಹೆಚ್ಚು. ‘ಕೆಂಪು ಸ್ವಲ್ಪ ಭಾರ ಇರಬೇಕು,’ ಅಂದರು. ಹನ್ನೊಂದನೇ ಸುತ್ತಿಗೆ ಡಬ್ಬದಲ್ಲಿ ಎಂಟೂ ಕೆಂಪು. ಇನ್ನು ಎಷ್ಟು ತೆಗೆದರೂ ಬಿಳಿ ಬರುವ ಹಾಗಿಲ್ಲ.

‘ಯಾಕೆ ಸಾರ್?’ ಅಂದಳು ನೊಣದಕ್ಕ, ಅವರದೇ ಧಾಟಿಯಲ್ಲಿ.

‘ಇನ್ನೊಂದು ಸಲ,’ ಅಂದರು ಪ್ರೊಫೆಸರು.

ಎರಡನೇ ಆಟದಲ್ಲಿ ಆರೇ ಸುತ್ತಿಗೆ ಎಂಟೂ ಬಿಳಿ. ಅವರು ಕೋಟು ಬಿಚ್ಚಿ ತೋಳು ಮಡಿಸಿದರು. ಗುಂಡಿಗಳನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಪ್ರಯೋಗಾಲಯದ ತಕ್ಕಡಿ ತರಿಸಿ ತೂಗಿದರು. ಎರಡೂ ಒಂದೇ ತೂಕ. ಮೂರನೇ ಆಟದಲ್ಲಿ ಎಡಗೈ ಬಳಸಿದರು, ಮತ್ತೆ ಬಿಳಿ. ತರಿಸಿದ ಚಹಾ ಕೆನೆಗಟ್ಟಿತು. ಮರಿ ಮೇಡಂ ನಗು ತಡೆಯಲು ಗೋಡೆಯ ಕಡೆ ತಿರುಗಿ ಸೀಸೆ ಎಣಿಸುತ್ತಿದ್ದಳು, ಅದೂ ಒಂದೇ ಸೀಸೆಯನ್ನು ಹತ್ತು ಸಲ.

ಕೊನೆಗೆ ಕಾರಣರಾಯರು ಡಬ್ಬದ ಮುಚ್ಚಳ ಹಾಕಿ ಬೆವರೊರೆಸಿಕೊಂಡರು. ‘ಇರಲಿ. ಚಿಕ್ಕ ಡಬ್ಬದಲ್ಲಿ ಹೀಗಾಗುತ್ತೆ. ಒಪ್ಪಿದೆ.’ ಮರಿ ಮೇಡಂನ ಉಸಿರು ಹೊರಬಿದ್ದದ್ದು ಎಲ್ಲರಿಗೂ ಕೇಳಿಸಿತು. ಅವರು ಪೆನ್ನು ತೆಗೆದು ಪುಸ್ತಕದ ಕೊನೇ ಹಾಳೆಗೆ ಬಂದರು. ಸಹಿ ಹಾಕುವ ಮೊದಲು, ಸುಮ್ಮನೆ ಕೇಳಬೇಕಲ್ಲ ಅಂತ ಕೇಳಿದವರ ಹಾಗೆ, ‘ಅಲ್ಲ ತಾಯಿ, ಹತ್ತೊಂಬತ್ತು ತಲೆಮಾರು, ನೂರು ಸೀಸೆ. ಒಂದು ಸಲವೂ ಕಣ್ಣು ಬಿಟ್ಟು ತೆಗೀಲಿಲ್ವಾ?’ ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೊಣದಕ್ಕನ ಕೈ ತಾನಾಗಿ ಜೇಬಿನಲ್ಲಿದ್ದ ಗರಿಗೆ ಹೋಯಿತು. ‘ಇಲ್ಲ’ ಅಂದರೆ ಮುಗಿಯಿತು: ಪೆನ್ನು ಕಾಗದದ ಮೇಲೆ ಇದೆ, ಮರಿ ಮೇಡಂ ಡಾಕ್ಟರು, ತಾನು ಮನೆಗೆ. ಇಪ್ಪತ್ತಮೂರನೇ ನೊಣ ಬಂದು ಸಾಕ್ಷಿ ಹೇಳುವುದಿಲ್ಲ. ಆದರೆ ಇಷ್ಟು ಹೊತ್ತು ಈ ಮನುಷ್ಯನನ್ನು ಕಣ್ಣು ಮುಚ್ಚಿಸಿ ಕೂರಿಸಿ ನಕ್ಕವಳು ತಾನು. ಅವರು ಮಾತ್ರ ಮೂರು ಆಟದಲ್ಲೂ ಒಂದು ಸಲವೂ ಕದ್ದು ನೋಡಿರಲಿಲ್ಲ.

‘ಒಂದು ಸಲ,’ ಅಂದಳು ನೊಣದಕ್ಕ. ‘ಮೂವತ್ತೇಳನೇ ಸೀಸೆ. ಎಂಟನೇ ತಲೆಮಾರು. ಇಪ್ಪತ್ತಮೂರು ಬಂದಿತ್ತು, ನಾನು ಇಪ್ಪತ್ತೆರಡು ಹಾಕಿದೆ.’

ಪೆನ್ನು ನಿಂತಿತು. ಮರಿ ಮೇಡಂ ಕೈಯಲ್ಲಿದ್ದ ಬಿರಡೆ ಕೆಳಗೆ ಬಿತ್ತು. ‘ಅಕ್ಕ!’ ಅಂದಳು. ಆಮೇಲೆ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. ಬೈದಿದ್ದರೆ ನೊಣದಕ್ಕ ತಡೆದುಕೊಳ್ಳುತ್ತಿದ್ದಳು, ಬೈಗುಳದಲ್ಲಿ ಅವಳು ಪಳಗಿದವಳು. ಆ ಒತ್ತಿಕೊಂಡ ಕಣ್ಣನ್ನು ಅವಳಿಂದ ನೋಡಲಾಗಲಿಲ್ಲ.

‘ಯಾಕೆ?’ ಅಂದರು ಪ್ರೊಫೆಸರು.

ಅವತ್ತು ಅವರು ಕೇಳಿದ ಅಷ್ಟೂ ‘ಯಾಕೆ’ಗಳಲ್ಲಿ ನಿಜವಾಗಿ ಕಾರಣವಿದ್ದದ್ದು ಅದೊಂದಕ್ಕೇ. ನೊಣದಕ್ಕ ಹೇಳಿದಳು. ಗುಳಿ, ಫೋಟೋ, ಹೆಬ್ಬೆರಳು, ಆಸ್ಪತ್ರೆಯ ಮಂಚ, ಎಲ್ಲ. ‘ಅದೂ ಹೋಗಿಬಿಟ್ರೆ ಯಾರಾದ್ರೂ ಯಾರಿಗಾದ್ರೂ ಬೈತಾರೆ ಅನ್ನಿಸ್ತು ಸಾರ್. ನೊಣಗಳಲ್ಲಿ ಅತ್ತೆ ಇರಲ್ಲ ಅಂತ ಆಗ ನೆನಪಾಗಲಿಲ್ಲ.’

ಕಾರಣರಾಯರು ತಮ್ಮ ಗದ್ದ ಸವರಿಕೊಂಡರು, ಅದೂ ಸಮ. ಪುಸ್ತಕ ಹಿಂದಕ್ಕೆ ತಿರುವಿ ಮೂವತ್ತೇಳನೇ ಸೀಸೆಯ ಹಾಳೆ ಹುಡುಕಿದರು. ಎಂಟನೇ ತಲೆಮಾರು, ಒಂದು ಕಿತ್ತಳೆ. ಒಂಬತ್ತನೆಯದು, ಒಂದು. ಹತ್ತನೆಯದು, ಸೊನ್ನೆ. ಅಲ್ಲಿಂದ ಮುಂದಕ್ಕೆ ಬರೀ ಕೆಂಪು.

‘ನೀವು ಉಳಿಸಿದ್ದು ಎರಡು ತಲೆಮಾರಿಗೆ ಹೋಯ್ತು,’ ಅಂದರು ಅವರು. ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ.

‘ಹೋಗಿದ್ದು ಗೊತ್ತು ಸಾರ್. ಆಮೇಲೆ ನಾನು ಕೈ ಹಾಕಲಿಲ್ಲ. ಗುಂಡಿ ಹೇಳಿದ ಹಾಗೆ ಬಿಟ್ಟೆ.’

‘ಈಗಲೂ ಹೇಳದೆ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ.’

‘ನನಗೆ ಗೊತ್ತಿರ್ತಿತ್ತಲ್ಲ.’

ಪ್ರೊಫೆಸರು ಆ ಹಾಳೆಯ ಮೇಲೆ ಅಡ್ಡಗೆರೆ ಎಳೆದರು. ಇಪ್ಪತ್ತೇಳು ಕೆಂಪು ಸೀಸೆಯನ್ನು ಇಪ್ಪತ್ತಾರು ಮಾಡಿದರು, ನೂರನ್ನು ತೊಂಬತ್ತೊಂಬತ್ತು ಮಾಡಿದರು. ‘ಮೂವತ್ತೇಳನೇ ಸೀಸೆಯಲ್ಲಿ ಒಮ್ಮೆ ಆಯ್ಕೆ ನಡೆದಿರುವುದರಿಂದ ಅದನ್ನು ಬಿಡಲಾಗಿದೆ ಅಂತ ಅಡಿಟಿಪ್ಪಣಿ ಬರೀರಿ,’ ಅಂತ ಮರಿ ಮೇಡಂಗೆ ಹೇಳಿದರು. ‘ಒಂದನ್ನ ಒಪ್ಪಿಕೊಂಡವರ ಉಳಿದ ತೊಂಬತ್ತೊಂಬತ್ತನ್ನ ನಾನು ನಂಬ್ತೀನಿ.’ ಸಹಿ ಬಿತ್ತು. ಹೋಗುವಾಗ ಮೊದಲನೇ ಬಾಗಿಲು ಮುಚ್ಚಿಯೇ ಎರಡನೆಯದನ್ನು ತೆಗೆದರು.

‘ನನಗೆ ಮೊದಲೇ ಹೇಳಬಾರದಿತ್ತಾ ಅಕ್ಕ? ಜೀವ ಹೋಗಿ ಬಂತು,’ ಅಂದಳು ಮರಿ ಮೇಡಂ. ಬೈಯಲು ಬಾಯಿ ತೆಗೆದವಳು ತಬ್ಬಿಕೊಂಡು ಅತ್ತುಬಿಟ್ಟಳು. ಆಮೇಲೆ ಮೂಗೊರೆಸಿಕೊಂಡು, ‘ಅತ್ತೆಗೆ ಹೇಳಿ. ಇವತ್ತೇ ಹೇಳಿ,’ ಅಂದಳು.

ಸಂಜೆ ಮನೆಗೆ ಹೋದಾಗ ದರ್ಜಿ ಗಿರಾಕಿಯೊಬ್ಬನ ತೋಳು ಅಳೆಯುತ್ತಿದ್ದ. ನೊಣದಕ್ಕ ಗುಂಡಿ ಡಬ್ಬ ಹಿಡಿದು ನೇರ ಫೋಟೋಗಳ ಕೆಳಗಿನ ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು. ಒಂದು ಕೆಂಪು ಗುಂಡಿ, ಒಂದು ಬಿಳಿ ಗುಂಡಿ ತೆಗೆದು ಅತ್ತೆಯ ಅಂಗೈ ಮೇಲಿಟ್ಟು, ಚೀಟಿಯ ಕತೆ ಮೊದಲಿನಿಂದ ಹೇಳಿದಳು. ‘ನಿಮ್ಮ ಮಗನ ಹತ್ರ ಎರಡು ಇತ್ತು. ಮೂರು ಸಲ ತೆಗೆದ್ರು, ಮೂರು ಸಲಾನೂ ಗುಳಿ ಇಲ್ಲದ್ದೇ ಬಂತು. ಅಷ್ಟೇ ಅತ್ತೆ. ನಾನು ಅಳಿಸಲಿಲ್ಲ. ಯಾರೂ ಅಳಿಸಲಿಲ್ಲ. ಮೂವತ್ತು ವರ್ಷ ನನಗೆ ಯಾಕೆ ಅಂದ್ರಿ?’

ಅತ್ತೆಯ ಕಿವಿ ಆಗ ಚುರುಕಾಗಿಯೇ ಇತ್ತು. ಗುಂಡಿಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡಿದರು.

‘ನನ್ನ ಮೊದಲನೇದು ಹುಟ್ಟಿದಾಗ,’ ಅಂದರು ನಿಧಾನವಾಗಿ, ‘ಗದ್ದ ಸಮ ಅಂತ ನಮ್ಮತ್ತೆ ಎತ್ತಿಕೊಳ್ಳಲೇ ಇಲ್ಲ. ಹೆಣ್ಣು ಮಗು, ಅವಳಿಗ್ಯಾಕೆ ಅಂತ ನಾನು ಹೇಳ್ಕೊಂಡಿದ್ದು ಆಮೇಲೆ. ಮೂರು ವರ್ಷ ದಿನಾ ಅನ್ನಿಸ್ಕೊಂಡೆ. ನಿನ್ನ ಗಂಡ ಹುಟ್ಟಿದಾಗ ಕೂಸು ಅಳಲಿಲ್ಲ, ನೀಲಿಗಟ್ಟಿತ್ತು. ಸೂಲಗಿತ್ತಿ ಬೆನ್ನು ತಟ್ತಾ ಇದ್ದಳು. ನಾನು ಅದು ಉಸಿರಾಡ್ತಿದೆಯಾ ಅಂತ ನೋಡಲಿಲ್ಲ, ಸೊಸೆ. ಗದ್ದ ನೋಡಿದೆ.’

ಮುಂದಿನ ಕೋಣೆಯಲ್ಲಿ ಅಳತೆ ನಿಂತಿತ್ತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ದರ್ಜಿ ಬಾಗಿಲಲ್ಲಿ ನಿಂತಿದ್ದ.

ನೊಣದಕ್ಕ ಮೂವತ್ತು ವರ್ಷದಿಂದ ಕೂಡಿಟ್ಟಿದ್ದ ಸಿಟ್ಟು ಕೈಗೆ ಸಿಗದೆ ಜಾರಿತು. ಸಿಗಲಿಲ್ಲವಲ್ಲ ಅಂತ ಇನ್ನಷ್ಟು ಸಿಟ್ಟು ಬಂತು. ಕೊನೆಗೆ ಎರಡೂ ಗುಂಡಿಯನ್ನು ಡಬ್ಬಕ್ಕೆ ಹಾಕಿ ಗಲಗಲ ಕುಲುಕಿದಳು. ‘ಸರಿ ಹಾಗಾದ್ರೆ. ಇಬ್ಬರಲ್ಲಿ ಒಬ್ಬರು ತಪ್ಪಾಯ್ತು ಅನ್ನಬೇಕು, ಇಲ್ಲಾಂದ್ರೆ ಇದು ಮುಗಿಯಲ್ಲ. ಕೆಂಪು ಬಂದ್ರೆ ನಾನು ಅಂತೀನಿ, ಇಷ್ಟು ದಿನ ಮನಸ್ಸಲ್ಲೇ ನಿಮ್ಮನ್ನ ಬೈದಿದ್ದಕ್ಕೆ. ಬಿಳಿ ಬಂದ್ರೆ ನೀವು. ತೆಗೀರಿ.’

ಅತ್ತೆ ಡಬ್ಬಕ್ಕೆ ಕೈ ಹಾಕಿದರು. ಹಾಕಿ, ಬಗ್ಗಿ, ಡಬ್ಬದೊಳಗೆ ಇಣುಕಿದರು.

‘ಕಣ್ಣು ಮುಚ್ಚಿ ತೆಗೀಬೇಕು ಅತ್ತೆ. ಆರಿಸೋ ಹಾಗಿಲ್ಲ.’

‘ಮುಚ್ಚೇ ಇದೆ,’ ಅಂದರು ಅತ್ತೆ, ಎರಡೂ ಕಣ್ಣು ಅಗಲವಾಗಿ ಬಿಟ್ಟುಕೊಂಡು. ಬೆರಳಿಗೆ ಸಿಕ್ಕಿದ್ದ ಕೆಂಪನ್ನು ಪಕ್ಕಕ್ಕೆ ಸರಿಸಿ, ಬಿಳಿಯನ್ನು ಹುಡುಕಿ ತೆಗೆದು ಸೊಸೆಯ ಕೈಯಲ್ಲಿಟ್ಟರು.